ನನ್ನ ಒಲೆಗುಂಡು, ಅವಳ ಕಿಟಕಿ

ಕೆರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಸಂಕ್ರಾಂತಿಗೆ ಅಲ್ಲಿ ಸಾಲುಗಟ್ಟಿ ಗಾಡಿಗಳು ನಿಂತಿರುತ್ತವೆ, ನನ್ನ ನೇರಲೆ ಮರದ ಕೆಳಗೆ ಯಾರೋ ಜಮಖಾನೆ ಹಾಸಿಕೊಂಡು ಕುಳಿತಿರುತ್ತಾರೆ. ಹಿರೇಕೆರೂರಿನ ಕಡೆ, ಗುಡ್ಡದ ಬುಡದಲ್ಲಿದೆ ಎಂದಷ್ಟೇ ತಿಳಿದುಕೊಳ್ಳಿ. ಅದನ್ನು ಹುಡುಕಿದವಳು ನಾನು. ಈ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ ಕೆಲಸ, ಜಾಗ ಹುಡುಕುವುದು.

ನಮ್ಮದು ಹಾನಗಲ್ಲಿನ ವ್ಯಾಪಾರದ ಮನೆ. ಸಂಕ್ರಾಂತಿಗೆ ನಮ್ಮ ಕಡೆಯವರು ನೀರಿದ್ದಲ್ಲಿಗೆ ಹೋಗಿ, ಎಳ್ಳು ಹಚ್ಚಿಕೊಂಡು ಮಿಂದು, ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಬೆಳಿಗ್ಗೆ ಹೋದವರು ಸಂಜೆಗೆ ಮನೆಗೆ ಬರುತ್ತಾರೆ. ನಮ್ಮ ಮನೆಯ ರೀತಿ ಬೇರೆ. ತೀರಿಕೊಂಡ ಮಾವನವರಿಗೆ ಕೆರೆಯ ದಂಡೆ ಎಂದರೆ ಹುಚ್ಚು. ಭೋಗಿಯ ದಿನವೇ ಹೊರಟು, ಮರದ ಕೆಳಗೆ ತಾಡಪತ್ರಿ ಕಟ್ಟಿ, ರಾತ್ರಿ ಅಲ್ಲೇ ತಂಗಿ, ಹಬ್ಬದ ಸ್ನಾನ ಮುಗಿಸಿ ಬರುವ ಪದ್ಧತಿ ಹಾಕಿಕೊಟ್ಟವರು ಅವರು. ಊರವರು ನಮ್ಮನ್ನು ನೋಡಿ ನಗುತ್ತಿದ್ದರು. ಈಗ ಅದನ್ನೇ ಎಲ್ಲರೂ ಕ್ಯಾಂಪಿಂಗ್ ಎನ್ನುತ್ತಾರೆ, ಮೊಬೈಲಿನಲ್ಲಿ ಫೋಟೋ ಹಾಕುತ್ತಾರೆ.

ಈ ಪದ್ಧತಿಗೆ ಒಂದು ಕಟ್ಟಳೆ ಇದೆ. ಜಾಗ ಆರಿಸಿದವರೇ ಒಲೆಗುಂಡು ಇಡಬೇಕು. ಮೂರು ಕಲ್ಲು ಹುಡುಕಿ, ತೊಳೆದು, ಇಟ್ಟು, ನೀರು ಚಿಮುಕಿಸಿ, ಬೆಂಕಿ ಹಚ್ಚುವವರೆಗೆ ಯಾರೂ ಗಂಟು ಬಿಚ್ಚುವಂತಿಲ್ಲ. ಮಾವನವರೂ ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ಮೊದಲು ಅದು ಅತ್ತೆಯ ಕೆಲಸವಾಗಿತ್ತು. ಅವರಿಗೆ ಮೊಣಕಾಲು ಹಿಡಿದುಕೊಂಡ ವರ್ಷ, ಎಲ್ಲರ ಎದುರಿಗೆ, "ಇನ್ ಮ್ಯಾಲ ಗುಂಡು ನೀ ಇಡವಾ" ಎಂದರು. ನಾನು ಆವತ್ತು ಹಿಗ್ಗಿದಷ್ಟು ನನ್ನ ಮದುವೆಯಲ್ಲೂ ಹಿಗ್ಗಿರಲಿಲ್ಲ. ಮದುವೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಜಾಗ ಹುಡುಕುವುದೆಂದರೆ ಸುಮ್ಮನೆ ಅಲ್ಲ. ಸಂಕ್ರಾಂತಿಯ ಹೊತ್ತಿಗೆ ಕೆರೆ ಸ್ವಲ್ಪ ಹಿಂದೆ ಸರಿದಿರುತ್ತದೆ, ಬಿಟ್ಟುಹೋದ ನೆಲ ಮೇಲೆ ಒಣಗಿ ಒಳಗೆ ಹಸಿಯಾಗಿರುತ್ತದೆ. ದನದ ಹೆಜ್ಜೆ ಗಟ್ಟಿಯಾಗಿ ಒಣಗಿ ನಿಂತಿದ್ದರೆ ಅಲ್ಲಿ ಹಾಸಬಹುದು, ಮೆತ್ತಗಿದ್ದರೆ ಇನ್ನೂ ಮೇಲಕ್ಕೆ ಹೋಗಬೇಕು. ನೆರಳು ಬೇಕು, ಆದರೆ ಆಲದ ಮರ ಬೇಡ, ಬೆಳಗಾಗುವುದರೊಳಗೆ ಹಕ್ಕಿಗಳು ಹಾಸಿಗೆಯನ್ನೆಲ್ಲ ಹೊಲಸು ಮಾಡಿರುತ್ತವೆ. ಹುಣಸೆ ಮರ ಅತ್ತೆಗೆ ಆಗುವುದಿಲ್ಲ, ಯಾಕೆಂದು ಕೇಳಿದರೆ ದೆವ್ವದ ಕಥೆ ಶುರುವಾಗುತ್ತದೆ. ಗುಂಡು ಇಡುವ ಮುಂಚೆ ತಲೆ ಎತ್ತಿ ಕೊಂಬೆ ನೋಡಬೇಕು. ಹೆಜ್ಜೇನು ಕಟ್ಟಿದ್ದರೆ ಹೊಗೆ ಹೋದ ಕೂಡಲೇ ಹಬ್ಬ ಮುಗಿದಂತೆ. ಹೆಂಗಸರು ಬೆಳಕು ಹರಿಯುವ ಮುಂಚೆ ಹೋಗಿ ಬರಲು ಒಂದಿಷ್ಟು ಪೊದೆ ಇರಬೇಕು, ಆ ಪೊದೆ ಗಂಡಸರು ಮಲಗುವ ಕಡೆಗೆ ಇರಬಾರದು. ಇದನ್ನು ಯಾವ ಗಂಡಸೂ ಯೋಚಿಸುವುದಿಲ್ಲ. ಕೊನೆಗೆ ಗಾಳಿ. ಆ ದಿನಗಳಲ್ಲಿ ಗಾಳಿ ಹೆಚ್ಚಾಗಿ ನೀರಿನ ಮೇಲಿಂದ ಬರುತ್ತದೆ. ಗಾಳಿ ಬೆನ್ನಿಗೆ ಬರುವಂತೆ ಒಲೆ ಹೂಡಿದರೆ ಹೊಗೆ ಮುಂದಕ್ಕೆ ಹೋಗುತ್ತದೆ, ರೊಟ್ಟಿ ಬಡಿಯುವವಳ ಕಣ್ಣು ಉಳಿಯುತ್ತದೆ. ಇದನ್ನು ಅತ್ತೆ ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಹಾಗೆ ಹುಡುಕುತ್ತ ಹುಡುಕುತ್ತ ಸುತ್ತಲಿನ ನಾಲ್ಕು ತಾಲ್ಲೂಕಿನ ಕೆರೆಗಳು ನನಗೆ ಪರಿಚಯವಾದವು. ನನ್ನ ತವರು ಸವಣೂರು. ತವರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಎಲ್ಲಿ ನೀರು ಕಂಡರೂ ದಂಡೆಯಲ್ಲಿ ಮರ ಎಷ್ಟಿವೆ ಎಂದೇ ನೋಡುತ್ತಿದ್ದೆ. ತಿಳವಳ್ಳಿಯ ಕಡೆ ಮದುವೆಗೆ ಹೋದರೆ ಊಟ ಮುಗಿಸಿ ಕೆರೆ ನೋಡಿಬರುತ್ತಿದ್ದೆ. "ನಿಮ್ಮ ಹೆಂಡತಿ ನೀರಾವರಿ ಇಲಾಖೆಯವರೇನ್ರಿ" ಎಂದು ನನ್ನ ಗಂಡನನ್ನು ಬೀಗರು ಕಾಡುತ್ತಿದ್ದರು.

ಇಷ್ಟು ಚೆನ್ನಾಗಿ ನಡೆದಿದ್ದ ಸಂಸಾರಕ್ಕೆ ಮನೆಗಾಡಿ ಬಂತು.

ನನ್ನ ಮೈದುನ ಶಿಗ್ಗಾವಿಯಲ್ಲಿ ಬಾಡಿಗೆ ಗಾಡಿಗಳ ವ್ಯವಹಾರ ಇಟ್ಟುಕೊಂಡಿದ್ದಾನೆ. ಹಳೆಯದೊಂದು ಟೆಂಪೋ ಟ್ರಾವೆಲರಿನ ಸೀಟು ಕೀಳಿಸಿ, ಬಂಕಾಪುರದ ಹತ್ತಿರ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಅದಕ್ಕೆ ಮಂಚ, ಗ್ಯಾಸಿನ ಒಲೆ, ಕೈತೊಳೆಯುವ ಬೇಸಿನ್, ನೀರಿನ ಟಾಕಿ, ಫ್ಯಾನು ಎಲ್ಲ ಕೂಡಿಸಿದ. ಹಿಂದಿನ ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಪುಟ್ಟ ಸಂಡಾಸು. ಒಂದು ಪಕ್ಕದಲ್ಲಿ ಮಂಚದ ಉದ್ದಕ್ಕೂ ದೊಡ್ಡ ಗಾಜಿನ ಕಿಟಕಿ. ಆ ಕಿಟಕಿಗೆ ಪರದೆ ಹೊಲಿದವಳು ಅವನ ಹೆಂಡತಿ, ನನ್ನ ನೆಗೆಣ್ಣಿ. ಹಳದಿ ಹೂವಿನ ಪರದೆ. ಚೆನ್ನಾಗಿತ್ತು. ಚೆನ್ನಾಗಿರದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಗಾಡಿ ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ಓಣಿಯೇ ಕೂಡಿತ್ತು. ನೆಗೆಣ್ಣಿ ಬಾಗಿಲಲ್ಲಿ ನಿಂತು, "ಅಕ್ಕಾರ, ಒಳಗ ಬರ್ರಿ, ಕುಂತ್ರಿ, ಚಾ ಮಾಡ್ತೇನಿ" ಎಂದಳು. ಅವಳು ಒಳ್ಳೆಯವಳು. ನನಗೆ ಅದೇ ತೊಂದರೆ. ಸೊಕ್ಕಿನವಳಾಗಿದ್ದರೆ ಎಲ್ಲರ ಮುಂದೆ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಒಳಗೆ ಹೋಗಿ ಕುಳಿತೆ. ಗ್ಯಾಸು ಟಕ್ಕೆಂದು ಹೊತ್ತಿತು. ಕಡ್ಡಿ ಪೆಟ್ಟಿಗೆಯೂ ಬೇಡ. ಚಹಾ ಕುಡಿದು, "ಛಲೋ ಐತಿ" ಎಂದೆ. ನನ್ನ ಹೊಟ್ಟೆಯೊಳಗೆ ಕಿಚ್ಚು ಬಿದ್ದದ್ದು ಆ ಚಹಾದ ಜೊತೆಗೇ.

ಆ ವರ್ಷ ಭೋಗಿಗೆ ಶಿಗ್ಗಾವಿಯ ಕಡೆಯ ಒಂದು ಕೆರೆಗೆ ಹೋದೆವು. ಜಾಗ ನಾನೇ ಆರಿಸಿದ್ದೆ, ಗುಂಡು ನಾನೇ ಇಟ್ಟೆ. ಆದರೆ ನಾನು ನೀರು ಚಿಮುಕಿಸುವಷ್ಟರಲ್ಲಿ ಗಾಡಿಯೊಳಗಿನಿಂದ ಚಹಾ ಬಂದೇಬಿಟ್ಟಿತು. ಎಲ್ಲರೂ ಲೋಟ ಹಿಡಿದು ನಿಂತರು. ನನ್ನ ಒಲೆ ಇನ್ನೂ ಹೊತ್ತಿರಲಿಲ್ಲ. ನನ್ನ ಗಂಡನೂ ಕುಡಿದ. ಅವನ ಕೈಯ ಲೋಟವನ್ನು ನಾನು ನೋಡಿದ ರೀತಿಗೆ ಅದು ಒಡೆಯಬೇಕಿತ್ತು, ಸ್ಟೀಲಿನದಾದ್ದರಿಂದ ಉಳಿಯಿತು. ರಾತ್ರಿ ಅತ್ತೆ ಗಾಡಿಯ ಮಂಚದ ಮೇಲೆ ಮಲಗಿದರು. ಬೆಳಿಗ್ಗೆ ಇಳಿದು ಬಂದು, "ಮುಂಜಾನಿ ಕಂಟ್ಯಾಗ ಹೋಗೂದು ತಪ್ಪಿತವಾ, ನನ್ನ ಮೊಣಕಾಲು ಈಕಿಗೆ ಕೈ ಮುಗೀತಾವ" ಎಂದು ನೆಗೆಣ್ಣಿಯ ತಲೆ ನೇವರಿಸಿದರು. ನಾನು ಎಷ್ಟೋ ವರ್ಷ ಅವರಿಗಾಗಿಯೇ ಒಳ್ಳೆಯ ಪೊದೆ ಹುಡುಕಿದವಳು. ನನ್ನ ತಲೆಯನ್ನು ಅದಕ್ಕಾಗಿ ಯಾರೂ ನೇವರಿಸಿರಲಿಲ್ಲ.

ನನ್ನ ಮಗಳು ಕೂಡ ಅವಳ ಪಕ್ಷ ಸೇರಿದಳು. "ಅವ್ವಾ, ನಾ ಚಿಗವ್ವನ ಜೋಡಿ ಗಾಡ್ಯಾಗ ಮಲಗ್ತೇನಿ, ಇಲ್ಲೆ ಇರುವಿ ಕಡಿತಾವ" ಎಂದು ದಿಂಬು ಎತ್ತಿಕೊಂಡು ಹೋದಳು. ಇರುವೆ ಇಲ್ಲದ ಜಾಗ ನೋಡಿಯೇ ನಾನು ಹಾಸಿದ್ದೆ.

ಮುಂದಿನ ದೀಪಾವಳಿಗೆ ಎಲ್ಲರೂ ಹಾನಗಲ್ಲಿನಲ್ಲಿ ಕೂಡಿದ್ದೆವು. ಊಟವಾದ ಮೇಲೆ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ, ಏನೂ ವಿಶೇಷವಲ್ಲ ಎಂಬಂತೆ ಹೇಳಿದರು.

"ಈ ಸಲ ಜಾಗ ಶಿಗ್ಗಾವಿಯವರ ನೋಡ್ಲಿ ಬಿಡು. ಗಾಡಿ ನಿಲ್ಲಾಕ ಸರಿ ಆಗಬೇಕಲ್ಲ."

ನನಗೆ ಬಾಯೊಳಗಿನ ಎಲೆ ಕಹಿಯಾಯಿತು. ಜಾಗ ಅವರು ನೋಡಿದರೆ ಗುಂಡು ಯಾರು ಇಡುವುದು? ಗ್ಯಾಸಿನ ಒಲೆ ಇರುವವಳಿಗೆ ಗುಂಡು ಯಾಕೆ? ಇಡದೆ ಬಿಟ್ಟರೆ ಒಂದೇ ವರ್ಷದಲ್ಲಿ ಎಲ್ಲರೂ ಮರೆತುಬಿಡುತ್ತಾರೆ. ಆಮೇಲೆ ಈ ಮನೆಯಲ್ಲಿ ನಾನು ಹಿರಿಯ ಸೊಸೆ ಎನ್ನುವುದಕ್ಕೆ ಏನು ಗುರುತು, ಬೆಳಗಾದರೆ ಎಲ್ಲರಿಗಿಂತ ಮುಂಚೆ ಏಳುವುದೇ?

"ನಾನ ನೋಡ್ತೇನಿ ಅತ್ತಿ. ಗಾಡಿಗೂ ಸರಿ ಆಗೂವಂಥಾದ್ದ ನೋಡ್ತೇನಿ" ಎಂದೆ.

ನೆಗೆಣ್ಣಿ ಬಾಯಿ ತೆರೆದಳು, ಏನೋ ಹೇಳುವವಳಿದ್ದಳು. ನನ್ನ ಮುಖ ನೋಡಿ, "ಅಕ್ಕಾರ ನೋಡ್ಲಿ. ಅವರಿಗೆ ಗೊತ್ತಿದ್ದಂಗ ನಮಗ ಎಲ್ಲಿ ಗೊತ್ತಾಗತೈತಿ" ಎಂದಳು. ಅದು ಕೂಡ ನನಗೆ ಚುಚ್ಚಿತು. ಬಿಟ್ಟುಕೊಟ್ಟಂತೆ ಕಂಡಿತು.

ನನ್ನ ಗಂಡನ ಬೈಕಿನ ಹಿಂದೆ ಕುಳಿತು ಹುಡುಕಿದೆ. ಒಂದು ಕೆರೆಗೆ ದಂಡೆಯವರೆಗೂ ಡಾಂಬರು ರಸ್ತೆ ಇತ್ತು, ಬೇವಿನ ತೋಪು ಇತ್ತು, ಗಟ್ಟಿ ನೆಲ ಇತ್ತು. ಮನೆಗಾಡಿಗೆ ಹೇಳಿ ಮಾಡಿಸಿದಂತಿತ್ತು. "ಇದ ಆತಲ್ಲ?" ಎಂದ ಗಂಡ. "ಇಲ್ಲೆ ಮಂದಿ ಬಾಳ" ಎಂದೆ. ಅಲ್ಲಿ ಒಬ್ಬ ಮುದುಕ ಎಮ್ಮೆ ಮೈ ತೊಳೆಯುತ್ತಿದ್ದ, ಅಷ್ಟೇ.

ಆಮೇಲೆ ಈ ಕೆರೆ ಸಿಕ್ಕಿತು. ಗುಡ್ಡದ ಕಾಡು ನೀರಿನವರೆಗೂ ಇಳಿದಿದೆ. ರಸ್ತೆ ಕೆರೆಯ ಏರಿಯ ಮೇಲೆ ಬಂದು ಮುಗಿಯುತ್ತದೆ. ಅಲ್ಲಿಂದ ಮುಂದೆ ಮುಳ್ಳುಕಂಟಿಗಳ ನಡುವೆ ಕಾಲುದಾರಿ. ಅದರಲ್ಲಿ ಟ್ರ್ಯಾಕ್ಟರೂ ಹೋಗುವುದಿಲ್ಲ. ದಾರಿ ಮುಗಿದಲ್ಲಿ ನೀರಿಗೆ ಹತ್ತಿರ ನೇರಲೆ ಮರಗಳ ಗುಂಪು, ಕೆಳಗೆ ಒಣ ಎಲೆ ಹಾಸಿದ ಮಟ್ಟಸ ನೆಲ. ಹೆಜ್ಜೇನು ಇಲ್ಲ. ಅದಕ್ಕಿಂತ ಒಳ್ಳೆಯ ಜಾಗ ನಾನು ಎಂದೂ ಕಂಡಿಲ್ಲ. ಇದು ನಿಜ. ಆ ಕಾಲುದಾರಿಯಲ್ಲಿ ಮನೆಗಾಡಿ ಬರಲಾರದು ಎಂದು ನೋಡಿದ ಕೂಡಲೇ ನನ್ನ ಎದೆ ತಂಪಾಯಿತು. ಇದೂ ನಿಜ. ಗಂಡ ಏನೋ ಕೇಳಲು ಹೊರಟವನು ಹೋಗಿ ಬೈಕು ತಿರುಗಿಸಿದ. ಅವನಿಗೆ ನನ್ನ ಜೊತೆ ಬಾಳಿ ಅಭ್ಯಾಸವಿದೆ.

ಭೋಗಿಯ ದಿನ ಮಧ್ಯಾಹ್ನ ನಮ್ಮ ಸಾಮಾನು ಹೇರಿದ ಟ್ರ್ಯಾಕ್ಟರೂ ಮನೆಗಾಡಿಯೂ ಏರಿಯ ಮೇಲೆ ಬಂದು ನಿಂತವು. ಮೈದುನ ಇಳಿದು ಕಾಲುದಾರಿ ನೋಡಿದ, ತಲೆ ಕೆರೆದುಕೊಂಡ.

"ವೈನಿ, ಗಾಡಿ ಹೋಗೂದಿಲ್ಲಲ್ರಿ?"

"ಇಲ್ಲೆ ಏರಿ ಮ್ಯಾಲ ನಿಲ್ಲಲಿ. ನಾಕ್ ಹೆಜ್ಜಿ ನಡದ್ರ ಆತು. ಜಾಗ ನೋಡ್ರಿ, ಆಮ್ಯಾಲ ಮಾತಾಡ್ರಿ" ಎಂದೆ.

ಅತ್ತೆಯ ಬಗ್ಗೆ ನಾನು ಯೋಚಿಸಿದ್ದೆ, ಯೋಚಿಸಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದಿದ್ದೆ. ಅದರಲ್ಲಿ ಕೂರಿಸಿ ಅಣ್ಣತಮ್ಮಂದಿರು ಆಚೀಚೆ ಹಿಡಿದು ಒಯ್ಯಲಿ ಎಂದು. ಅತ್ತೆ ಗಾಡಿಯ ಬಾಗಿಲಲ್ಲಿ ನಿಂತು ಕುರ್ಚಿ ನೋಡಿದರು, ಮುಳ್ಳುಕಂಟಿ ನೋಡಿದರು.

"ನಾ ಏನ್ ಪಾಲಕಿಯೊಳಗಿನ ದೇವರೇನ? ನಡಿಯೂ ಮುಂದ ಇಬ್ಬರೂ ಮುಗ್ಗರಿಸಿದರ ಮೂವರೂ ದವಾಖಾನಿಗೆ ಹೋಗಬೇಕು. ನಾ ಇಲ್ಲೇ ಇರ್ತೇನಿ. ನೀವು ಹೋಗ್ರಿ."

ಹೋಗಿ ಒಳಗೆ ಕುಳಿತೇಬಿಟ್ಟರು. ನಾನು ಎರಡು ಸಲ ಕರೆದೆ. ಬರಲಿಲ್ಲ.

ನೇರಲೆಯ ಕೆಳಗೆ ಹೋಗಿ ಗುಂಡು ಹುಡುಕಿದೆ, ತೊಳೆದೆ, ಇಟ್ಟೆ. ಗಾಳಿ ಕೆರೆಯಿಂದ ಬರುತ್ತಿತ್ತು, ಅದಕ್ಕೆ ಬೆನ್ನು ಕೊಟ್ಟು ಕುಳಿತೆ. ನೀರು ಚಿಮುಕಿಸಿ ಬೆಂಕಿ ಹಚ್ಚಿದೆ. ಈ ಸಲ ಬೇರೆ ಎಲ್ಲಿಂದಲೂ ಚಹಾ ಬರಲಿಲ್ಲ. ಗಂಡಸರು ತಾಡಪತ್ರಿ ಕಟ್ಟಿದರು. ಮಗಳು ನೀರಿನಲ್ಲಿ ಕಾಲಾಡಿಸಿದಳು. ನೆಗೆಣ್ಣಿ ಸೆರಗು ಸಿಕ್ಕಿಸಿಕೊಂಡು ಬದನೆಕಾಯಿ ಹೆಚ್ಚಿದಳು, ಎಣ್ಣೆಗಾಯಿಗೆ ಮಸಾಲೆ ತುಂಬಿದಳು. ನಾನು ಸಜ್ಜೆ ರೊಟ್ಟಿ ಬಡಿದೆ. ಎಲ್ಲ ನಾನು ಎಣಿಸಿದಂತೆಯೇ ಇತ್ತು. ಗೆದ್ದೆ ಎಂದುಕೊಂಡೆ.

ಮೊದಲು ಹೋದವಳು ಮಗಳು. "ಅಜ್ಜಿ ಒಬ್ಬಾಕಿನ ಅದಾಳ" ಎಂದು ಎರಡು ರೊಟ್ಟಿ ಎತ್ತಿಕೊಂಡು ಓಡಿದಳು. ತಿರುಗಿ ಬರಲಿಲ್ಲ. ಆಮೇಲೆ ಮೈದುನ, ಅವ್ವನಿಗೆ ಫ್ಯಾನು ಹಚ್ಚಿ ಬರುತ್ತೇನೆ ಎಂದು ಹೋದ. ಅವನೂ ಬರಲಿಲ್ಲ. ನನ್ನ ಗಂಡ ಅವರಿಬ್ಬರನ್ನೂ ಊಟಕ್ಕೆ ಕರೆದುಕೊಂಡು ಬರಲು ಹೋದ. ಏರಿಯ ಕಡೆಯಿಂದ ನಗು ಕೇಳಿಸಿತು. ಅತ್ತೆಯ ನಗು. ಅವರು ಹಾಗೆ ಜೋರಾಗಿ ನಕ್ಕದ್ದನ್ನು ನಾನು ಮಾವನವರು ಹೋದ ಮೇಲೆ ಕೇಳಿರಲಿಲ್ಲ.

ನೆಗೆಣ್ಣಿ ಮತ್ತು ನಾನು ಇಬ್ಬರೇ ಉಳಿದೆವು. ಅವಳು ಎರಡು ಸಲ ಏರಿಯ ಕಡೆ ನೋಡಿದಳು. ಹೋಗಬೇಕು ಎಂದಿತ್ತು, ನನ್ನನ್ನು ಬಿಟ್ಟು ಹೋಗಲು ಧೈರ್ಯವಿರಲಿಲ್ಲ. ಅವಳ ಆ ಕನಿಕರ ನನಗೆ ಆಗಲಿಲ್ಲ.

"ನೀ ಒಲಿ ನೋಡಕೋ. ಎಲ್ಲಾರೂ ಅಲ್ಲೇ ಏನ್ ಮಾಡಾಕತ್ತಾರ ನೋಡಿ ಬರ್ತೇನಿ" ಎಂದು ನಾನೇ ಎದ್ದೆ.

ಕಾಲುದಾರಿಯಲ್ಲಿ ಮುಳ್ಳು ಸೀರೆಗೆ ಹಿಡಿಯಿತು. ಎಳೆದುಕೊಂಡು ನಡೆದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ನಾನು ಜಾಗ ಹುಡುಕಿದ್ದು ಯಾರಿಗಾಗಿ, ಕೆರೆಯ ದಂಡೆ ಬಿಟ್ಟು ತಗಡಿನ ಡಬ್ಬಿಯೊಳಗೆ ಕೂಡುವುದಾದರೆ ಹಾನಗಲ್ಲಿನಲ್ಲೇ ಕೂಡಬಹುದಿತ್ತಲ್ಲ, ಇತ್ಯಾದಿ. ಗಾಡಿಯ ಹೊರಗೆ ಅಣ್ಣತಮ್ಮಂದಿರು ಏರಿಯ ಕಲ್ಲಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದರು. ನನ್ನನ್ನು ಕಂಡು ನನ್ನ ಗಂಡ ರೊಟ್ಟಿ ಹಿಡಿದ ಕೈ ಹಿಂದಕ್ಕೆ ಮಾಡಿದ. ನಾನು ಒಳಗೆ ಹತ್ತಿದೆ.

ಅತ್ತೆ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ಹಳದಿ ಪರದೆ ಸರಿಸಿತ್ತು. ಮಗಳು ಅವರ ತೊಡೆಗೆ ಒರಗಿದ್ದಳು. ಏರಿ ಎತ್ತರದಲ್ಲಿದ್ದುದರಿಂದ ಇಡೀ ಕೆರೆ ಆ ಕಿಟಕಿಯೊಳಗೆ ಕಾಣುತ್ತಿತ್ತು. ಆಚೆ ದಂಡೆಯ ಕಾಡು, ಗುಡ್ಡದ ಮೇಲಿನ ಬಿಸಿಲು, ನೀರಿನ ಮೇಲೆ ಸಾಲಾಗಿ ಕುಳಿತ ಹಕ್ಕಿಗಳು.

ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಸರಿದು ಜಾಗ ಮಾಡಿದರು.

"ಬಾರವಾ, ಇಲ್ಲೆ ಕುಂದರು. ಎಂಥಾ ಕೆರಿ ಹುಡುಕೀ! ನೋಡಿಲ್ಲೆ."

ಕುಳಿತೆ. ಸೀರೆಗೆ ಸಿಕ್ಕಿದ್ದ ಮುಳ್ಳು ಕಿತ್ತೆ.

"ಎಷ್ಟ್ ಕೆರಿ ದಂಡ್ಯಾಗ ರೊಟ್ಟಿ ಬಡದೇನಿ ನಾ" ಎಂದರು ಅತ್ತೆ. ಮಗಳಿಗೆ ಹೇಳುತ್ತಿದ್ದರೋ ನನಗೋ ತಿಳಿಯಲಿಲ್ಲ. "ನಿಮ್ಮ ಅಜ್ಜ ಪ್ರತಿ ಸಲ ಅನ್ನಾವ್ರು, ನೋಡ ಎಷ್ಟ್ ಚಂದ ಐತಿ ಅಂತ. ನಾ ಹ್ಞೂಂ ಅಂತಿದ್ನಿ. ಎಲ್ಲೆ ನೋಡ್ಲಿ? ಗಾಳಿಗೆ ಬೆನ್ನ ಕೊಟ್ಟ ಕುಂತಾಕಿ. ನೀರು ಹಿಂದ, ಒಲಿ ಮುಂದ. ಎಲ್ಲಾರೂ ಉಂಡ ಏಳೂದ್ರೊಳಗ ಕತ್ತಲಿ. ಇವತ್ತ ನೋಡಾಕತ್ತೇನಿ ನೋಡ, ಕೆರಿ ಅಂದ್ರ ಏನು ಅಂತ."

ನಾನೂ ಲೆಕ್ಕ ಹಾಕುತ್ತಿದ್ದೆ. ನಾಲ್ಕು ತಾಲ್ಲೂಕಿನ ಕೆರೆಗಳು. ನೆಲ ನೋಡಿದ್ದೆ, ಮರ ನೋಡಿದ್ದೆ, ಕೊಂಬೆ ನೋಡಿದ್ದೆ, ಪೊದೆ ನೋಡಿದ್ದೆ. ಹಬ್ಬದ ದಿನ ಅಲ್ಲಿ ಕುಳಿತು ನಾನು ಕಂಡದ್ದು ರೊಟ್ಟಿಯ ಹಂಚು. ಬೇರೆಯವರ ಮುಖದ ಮೇಲೆ ಬೀಳುವ ಬಿಸಿಲು ಕಂಡಿದ್ದೆ, ನೀರಿನ ಮೇಲಿನದಲ್ಲ.

ಇದಕ್ಕೆ ನಾನು ಕರಗಿದೆ ಎಂದು ಯಾರಾದರೂ ತಿಳಿದರೆ ತಪ್ಪು. ನನ್ನ ಹೊಟ್ಟೆಯುರಿ ಇಮ್ಮಡಿಯಾಯಿತು. ಅತ್ತೆಗೆ ಕೆರೆ ತೋರಿಸಿದ್ದು ನೆಗೆಣ್ಣಿಯ ಕಿಟಕಿ. ಹುಡುಕಿದ್ದು ನಾನು, ತೋರಿಸಿದ್ದು ಅವಳು! ಅದೂ ಅವಳು ಇಲ್ಲಿ ಇಲ್ಲದೆಯೇ.

"ಅವ್ವಾ, ಅಲ್ಲೆ ಚಿಗವ್ವ" ಎಂದು ಮಗಳು ಗಾಜಿಗೆ ಬೆರಳು ಒತ್ತಿದಳು.

ನೇರಲೆಯ ಗುಂಪು ಕೆಳಗೆ ಪುಟ್ಟದಾಗಿ ಕಾಣುತ್ತಿತ್ತು. ನನ್ನ ಒಲೆಯ ಹೊಗೆ ಕಾಣುತ್ತಿತ್ತು. ನೆಗೆಣ್ಣಿ ಒಲೆಯ ಮುಂದೆ ಇದ್ದಳು, ಆದರೆ ನಾನು ಕೂರುವ ಕಡೆಯಲ್ಲ. ಆಚೆ ಬದಿಗೆ ಹೋಗಿ ನೀರಿಗೆ ಮುಖ ಮಾಡಿ ಕುಳಿತಿದ್ದಳು. ಹೊಗೆಯೆಲ್ಲ ನೇರವಾಗಿ ಅವಳ ಮುಖಕ್ಕೆ ಹೋಗುತ್ತಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಮತ್ತೆ ತಲೆ ಎತ್ತಿ ಕೆರೆ ನೋಡುತ್ತಿದ್ದಳು. ಕಟ್ಟಿಗೆ ಮುಂದಕ್ಕೆ ನೂಕುವುದನ್ನೂ ಮರೆತಿದ್ದಳು.

"ಆ ಹುಡಗಿಗೆ ಒಲಿ ಮುಂದ ಕುಂದರೂದು ಗೊತ್ತಿಲ್ಲ" ಎಂದೆ.

"ಹೌದು" ಎಂದರು ಅತ್ತೆ. "ನಾವು ಕಲಿಸಿಲ್ಲ."

ನಾನು ಗಾಡಿಯಿಂದ ಇಳಿದೆ. ಕಾಲುದಾರಿಯಲ್ಲಿ ಬೇಗ ಬೇಗ ನಡೆದೆ. ನನ್ನ ಒಲೆ, ನನ್ನ ಕೆರೆ, ಎರಡನ್ನೂ ಅವಳು ಒಬ್ಬಳೇ ಇಟ್ಟುಕೊಂಡು ಕುಳಿತಿದ್ದಳು. ಅದನ್ನು ನೋಡುತ್ತ ಕಿಟಕಿಯಲ್ಲಿ ಕೂರುವುದು ನನ್ನಿಂದ ಆಗಲಿಲ್ಲ.

ನನ್ನನ್ನು ಕಂಡು ಅವಳು ಗಾಬರಿಯಿಂದ ಏಳಹೋದಳು. ಕಣ್ಣು ಕೆಂಪಗಾಗಿದ್ದವು. "ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ, ಸುಮ್ಮನ ಕುಂತಿದ್ನಿ. ಒಲಿ ಆರಿಲ್ಲ" ಎಂದಳು.

"ಸರೀ ಅತ್ತಾಗ" ಎಂದೆ.

ಅವಳು ಸರಿದಳು. ನಾನು ಆ ಬದಿಯಲ್ಲೇ ಕುಳಿತೆ, ಅವಳ ಪಕ್ಕ, ನೀರಿಗೆ ಮುಖ ಮಾಡಿ. ಕಟ್ಟಿಗೆ ನೂಕಿದೆ. ಗಾಳಿ ಕೆರೆಯ ಕಡೆಯಿಂದ ಬೀಸಿತು, ಹೊಗೆ ಇಬ್ಬರ ಮುಖಕ್ಕೂ ಬಂತು. ಕಣ್ಣು ಉರಿಯಿತು. ನಾನು ಏಳುವವಳಲ್ಲ, ಅವಳಿಗಿಂತ ಮುಂಚೆ ಅಂತೂ ಅಲ್ಲ. ಅವಳೂ ಏಳಲಿಲ್ಲ.